ಗೇರುಬೀಜದ ನಾಡಿನಲ್ಲಿ ದೂರದ ಸವಾರಿ: ಆಹಾರ ಅಲರ್ಜಿಯ ಒಂದು ಪ್ರಕರಣ

ಈ ಪ್ರಕರಣದ ವ್ಯಕ್ತಿ ಉಡುಪಿಯಲ್ಲಿ ನೆಲೆಸಿರುವ 36 ವರ್ಷದ ಬ್ಯಾಂಕ್ ಉದ್ಯೋಗಿ. ನಾಲ್ಕು ವರ್ಷಗಳಿಂದ ಭಾನುವಾರಗಳಂದು ಗೆಳೆಯರ ತಂಡದೊಂದಿಗೆ ದೂರದ ಸೈಕಲ್ ಸವಾರಿ ಮಾಡುತ್ತಿದ್ದ ಅವರ ತೂಕ 58 ಕಿಲೋ. ಏಳನೆಯ ವಯಸ್ಸಿನಲ್ಲಿ ಮದುವೆ ಮನೆಯೊಂದರಲ್ಲಿ ಪಾಯಸ ಉಂಡು ತುಟಿ ಊದಿಕೊಂಡು, ಮೈಯೆಲ್ಲ ಪಿತ್ತಗಂಧೆ ಎದ್ದಾಗ ಗೇರುಬೀಜದ ಅಲರ್ಜಿ ಇರುವುದು ಮನೆಯವರಿಗೆ ತಿಳಿದಿತ್ತು. ಅಂದಿನಿಂದ ಗೇರುಬೀಜವನ್ನೂ ಅದರ ಹತ್ತಿರದ ಸಂಬಂಧಿಯಾದ ಪಿಸ್ತಾವನ್ನೂ ದೂರವಿಟ್ಟು, ಬೇರೆ ತೊಂದರೆಯಿಲ್ಲದೆ ಬೆಳೆದವರು. ಮಂಗಳೂರಿನಲ್ಲಿ ಪಥ್ಯಾಹಾರ ತಜ್ಞೆಯಾಗಿರುವ ನನ್ನ ಬಳಿಗೆ ಅವರು ಬಂದದ್ದು ಡಿಸೆಂಬರ್ ಕೊನೆಯಲ್ಲಿ, ಆಗುಂಬೆ ಘಾಟಿಯಲ್ಲಿ ನಡೆದ ಘಟನೆಯ ಆರು ವಾರಗಳ ಬಳಿಕ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಘಟನೆಯ ದಿನ

ನವೆಂಬರಿನ ಆ ಭಾನುವಾರ ತಂಡವು ಉಡುಪಿಯಿಂದ ಹಿರಿಯಡಕ, ಹೆಬ್ರಿ, ಸೋಮೇಶ್ವರ ಮಾರ್ಗವಾಗಿ ಆಗುಂಬೆಗೆ ಹೊರಟಿತ್ತು. ಒಟ್ಟು ಸುಮಾರು 55 ಕಿಲೋಮೀಟರ್ ದೂರ. ಕೊನೆಯಲ್ಲಿ 14 ತಿರುವುಗಳ ಘಾಟಿ. ಹಿಂದಿನ ರಾತ್ರಿ ಬಂಧುಗಳ ಮನೆಯ ಕಾರ್ಯಕ್ರಮ ಮುಗಿಸಿ ಮಲಗುವಾಗ ತಡವಾಗಿದ್ದರಿಂದ ಅವರು ನಿದ್ರಿಸಿದ್ದು ನಾಲ್ಕೇ ಗಂಟೆ. ಮೊಣಕಾಲು ನೋಯುತ್ತಿದ್ದುದರಿಂದ ಹೊರಡುವ ಮೊದಲು ಐಬುಪ್ರೊಫೆನ್ ಮಾತ್ರೆಯೊಂದನ್ನು ನುಂಗಿದ್ದರು. ಬೆಳಗಿನ ತಿಂಡಿಗೆ ಎರಡು ಬನ್ಸ್ ಮತ್ತು ಚಹಾ. ಹೆಬ್ರಿಯಲ್ಲಿ ತಂಡ ನಿಂತಾಗ ಕಿಸೆಯಲ್ಲಿದ್ದ ಖರ್ಜೂರದ ಉಂಡೆಗಳಲ್ಲಿ ಮೂರನ್ನು ತಿಂದರು. ಪರಿಚಯದ ಗೃಹೋದ್ಯಮವೊಂದರಿಂದ ತಂದ ಉಂಡೆಗಳವು. ತರುವಾಗ ಕೇಳಿದ ಪ್ರಶ್ನೆಗೆ, "ಇದಕ್ಕೆ ಬೀಜ ಹಾಕುವುದೇ ಇಲ್ಲ ಮೇಡಂ" ಎಂಬ ಉತ್ತರ ದೊರೆತಿತ್ತು.

ಸುಮಾರು 40 ನಿಮಿಷಗಳ ನಂತರ, ಘಾಟಿಯ ಮೂರನೆಯ ತಿರುವಿನಲ್ಲಿ, ಅಂಗೈ ಮತ್ತು ನೆತ್ತಿಯಲ್ಲಿ ತುರಿಕೆ ಆರಂಭವಾಯಿತು. ಏರು ಹತ್ತುವಾಗ ಮೈ ಬಿಸಿಯಾಗಿ ಕೆಂಪಾಗುವುದು ಸಹಜವಾದ್ದರಿಂದ ಯಾರೂ ಅದನ್ನು ಗಮನಿಸಲಿಲ್ಲ. ಮತ್ತೊಂದು ತಿರುವು ದಾಟುವಷ್ಟರಲ್ಲಿ ಕುತ್ತಿಗೆಯ ಮೇಲೆ ಗಂಧೆಗಳು, ಒಣಕೆಮ್ಮು, ಹೊಟ್ಟೆ ಹಿಂಡಿದಂತಹ ನೋವು, ಗಂಟಲು ಕಟ್ಟಿದಂತಹ ಅನುಭವ, ಅದರ ಬೆನ್ನಿಗೇ ತಲೆಸುತ್ತು. ಜೊತೆಗಿದ್ದವರು ಇದನ್ನು ಬಿಸಿಲಿನ ಬಳಲಿಕೆ ಅಥವಾ ಸಕ್ಕರೆ ಇಳಿದದ್ದೆಂದು ಭಾವಿಸಿ, ಗ್ಲೂಕೋಸ್ ನೀರು ಕುಡಿಸಿ, ಕಟ್ಟೆಯ ಮೇಲೆ ಕೂರಿಸಿ, ಸ್ವಲ್ಪ ಹೊತ್ತಿನ ಬಳಿಕ ನಡೆದಾಡಲು ಹೇಳಿದರು. ಒಬ್ಬರ ಚೀಲದಲ್ಲಿದ್ದ ಅಲರ್ಜಿಯ ಮಾತ್ರೆಯನ್ನೂ ಕೊಡಲಾಯಿತು. ಅಡ್ರಿನಲಿನ್ ಯಾರ ಬಳಿಯೂ ಇರಲಿಲ್ಲ. ದಾರಿಯಲ್ಲಿ ಬಂದ ಕಾರೊಂದರಲ್ಲಿ ಅವರನ್ನು ಕೆಳಗಿಳಿಸಿ ಆಸ್ಪತ್ರೆಗೆ ಸೇರಿಸುವ ವೇಳೆಗೆ ರಕ್ತದೊತ್ತಡ ಕುಸಿದಿತ್ತು. ತೊಡೆಗೆ ಅಡ್ರಿನಲಿನ್ ಚುಚ್ಚಿದ ಕೆಲವೇ ನಿಮಿಷಗಳಲ್ಲಿ ಉಸಿರು ಸಡಿಲವಾಯಿತು. ಲಕ್ಷಣಗಳು ಕೆಲವು ಗಂಟೆಗಳ ಬಳಿಕ ಮರುಕಳಿಸಬಹುದಾದ್ದರಿಂದ ಆ ರಾತ್ರಿ ಅಲ್ಲೇ ಉಳಿಸಿಕೊಂಡರು.

ಗೆಳೆಯರು ತೋರಿದ ಕಾಳಜಿಯಲ್ಲಿ ಕೊರತೆಯಿರಲಿಲ್ಲ, ಆದರೆ ಎರಡು ವಿಷಯಗಳು ಅವರಿಗೆ ತಿಳಿದಿರಲಿಲ್ಲ. ಅನಾಫಿಲ್ಯಾಕ್ಸಿಸ್ ಎಂದು ಕರೆಯುವ ಇಂತಹ ತೀವ್ರ ಪ್ರತಿಕ್ರಿಯೆಯಲ್ಲಿ ಅಲರ್ಜಿಯ ಮಾತ್ರೆ ತುರಿಕೆಯನ್ನು ತಗ್ಗಿಸೀತೇ ಹೊರತು ಉಸಿರನ್ನಾಗಲಿ ರಕ್ತದೊತ್ತಡವನ್ನಾಗಲಿ ಕಾಪಾಡದು. ಮೊದಲ ಔಷಧಿ ಅಡ್ರಿನಲಿನ್. ಹಾಗೆಯೇ ತಲೆಸುತ್ತು ಬಂದ ವ್ಯಕ್ತಿಯನ್ನು ಕಾಲು ಮೇಲೆತ್ತಿ ಅಂಗಾತ ಮಲಗಿಸಬೇಕು, ಉಸಿರಾಟ ಕಷ್ಟವಾದರೆ ಮಾತ್ರ ಒರಗಿಸಿ ಕೂರಿಸಬೇಕು. ಎಬ್ಬಿಸಿ ನಡೆಸುವುದು ಪ್ರಾಣಾಪಾಯಕ್ಕೆ ದಾರಿ.

ಕಾರಣದ ಹುಡುಕಾಟ

ಅಲರ್ಜಿ ತಜ್ಞರ ಮುಂದೆ ಎರಡು ಸಾಧ್ಯತೆಗಳಿದ್ದವು. ಮೊದಲನೆಯದು ಬನ್ಸ್, ಅಂದರೆ ಮೈದಾ. ಸುಮ್ಮನಿದ್ದಾಗ ಗೋಧಿ ತಿಂದರೆ ಏನೂ ಆಗದೆ, ತಿಂದ ಕೆಲವು ಗಂಟೆಗಳೊಳಗೆ ವ್ಯಾಯಾಮ ಮಾಡಿದರೆ ಮಾತ್ರ ತೀವ್ರ ಪ್ರತಿಕ್ರಿಯೆ ಉಂಟಾಗುವ ಸ್ಥಿತಿಯೊಂದಿದೆ. ಆಹಾರ ಮತ್ತು ವ್ಯಾಯಾಮ ಕೂಡಿದಾಗಷ್ಟೇ ಕಾಣುವ ಇಂತಹ ಪ್ರತಿಕ್ರಿಯೆ ವೈದ್ಯಕೀಯ ಸಾಹಿತ್ಯದಲ್ಲಿ 1979ರಲ್ಲಿ ಚಿಪ್ಪುಮೀನಿನ ಸಂಬಂಧದಲ್ಲಿ ವರದಿಯಾಗಿತ್ತು. ಗೋಧಿಯಲ್ಲಿ ಇದಕ್ಕೆ ಮುಖ್ಯ ಕಾರಣ ಒಮೆಗಾ-5 ಗ್ಲಯಾಡಿನ್ ಎಂಬ ಪ್ರೋಟೀನು. ಇವರ ರಕ್ತಪರೀಕ್ಷೆಯಲ್ಲಿ ಆ ಪ್ರೋಟೀನಿನ ವಿರುದ್ಧ ಪ್ರತಿಕಾಯ ಕಾಣಲಿಲ್ಲ. ಬನ್ಸ್ ತಿಂದು ಹೊರಟ ಹತ್ತಾರು ಭಾನುವಾರಗಳಲ್ಲಿ ತೊಂದರೆಯಾಗದಿದ್ದುದೂ ಅದಕ್ಕೆ ಹೊಂದುತ್ತಿತ್ತು. ಎರಡನೆಯ ಸಾಧ್ಯತೆ ಗೇರುಬೀಜ. ಅದರ ಮುಖ್ಯ ಅಲರ್ಜಿಕಾರಕವಾದ ಅನಾ ಒ 3 ಪ್ರೋಟೀನಿನ ಪರೀಕ್ಷೆ ಮಾತ್ರ ಸ್ಪಷ್ಟವಾಗಿ ಧನಾತ್ಮಕವಾಗಿತ್ತು.

ಹಾಗಾದರೆ ಬೀಜವಿಲ್ಲದ ಉಂಡೆಯೊಳಗೆ ಗೇರುಬೀಜ ಎಲ್ಲಿಂದ ಬಂತು? ಉಂಡೆ ಮಾಡಿದ ಮಹಿಳೆ ವಿಷಯ ತಿಳಿದು ಕಂಗಾಲಾಗಿ, ತಮ್ಮ ಅಡುಗೆಮನೆಯನ್ನು ಸ್ವತಃ ತೋರಿಸಿದರು. ಅವರು ಹೇಳಿದ್ದು ಸುಳ್ಳಾಗಿರಲಿಲ್ಲ. ಉಂಡೆಗೆ ಅವರು ಬೀಜ ಹಾಕುತ್ತಿರಲಿಲ್ಲ. ಆದರೆ ಖರ್ಜೂರ ರುಬ್ಬುತ್ತಿದ್ದ ಮಿಕ್ಸಿ ಜಾರಿನಲ್ಲಿಯೇ ಬರ್ಫಿಗಾಗಿ ಗೇರುಬೀಜದ ಪುಡಿಯನ್ನೂ ಮಾಡುತ್ತಿದ್ದರು. ತೊಳೆದ ಜಾರಿನ ಬ್ಲೇಡಿನ ಅಡಿಯಲ್ಲಿ, ರಬ್ಬರ್ ವಾಷರಿನ ಸಂದಿನಲ್ಲಿ ಬೆಳ್ಳನೆಯ ಹುಡಿ ಅಂಟಿಕೊಂಡಿತ್ತು. ಹುರಿದರೆ ಅಥವಾ ಬಿಸಿ ಮಾಡಿದರೆ ದೋಷ ಹೋಗುತ್ತದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ; ಗೇರುಬೀಜದ ಈ ಪ್ರೋಟೀನು ಶಾಖಕ್ಕೂ ಜೀರ್ಣರಸಕ್ಕೂ ಸುಲಭವಾಗಿ ಬಗ್ಗುವಂಥದ್ದಲ್ಲ.

ಇಷ್ಟಕ್ಕೆ ನಿಂತಿದ್ದರೆ ಪ್ರಕರಣ ಅರ್ಧ ಮಾತ್ರ ಅರ್ಥವಾಗುತ್ತಿತ್ತು. ಅದೇ ಉಂಡೆಗಳನ್ನು ಅವರು ಎರಡು ವಾರಗಳ ಹಿಂದೆ ಮನೆಯಲ್ಲಿ ತಿಂದಿದ್ದರು. ಆಗ ತುಟಿ ತುಸು ತುರಿಸಿ, ಅರ್ಧ ಗಂಟೆಯಲ್ಲಿ ಶಮನವಾಗಿತ್ತು. ಖರ್ಜೂರದ ನಾರು ತಗುಲಿರಬೇಕೆಂದು ಅವರು ಅದನ್ನು ಮರೆತುಬಿಟ್ಟಿದ್ದರು. ಅಲರ್ಜಿಕಾರಕದ ಎಷ್ಟು ಪ್ರಮಾಣಕ್ಕೆ ದೇಹ ಕೆರಳುತ್ತದೆ ಎಂಬುದು ಒಬ್ಬರಲ್ಲಿಯೇ ದಿನದಿಂದ ದಿನಕ್ಕೆ ಬದಲಾಗುತ್ತದೆ. ಬ್ರಿಟನ್ನಿನಲ್ಲಿ ನೆಲಗಡಲೆ ಅಲರ್ಜಿಯುಳ್ಳ ವಯಸ್ಕರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವ್ಯಾಯಾಮವಾಗಲಿ ನಿದ್ರಾಹೀನತೆಯಾಗಲಿ ಈ ಮಿತಿಯನ್ನು ಸುಮಾರು ಶೇ. 45ರಷ್ಟು ತಗ್ಗಿಸುವುದು ಕಂಡುಬಂತು. ಐಬುಪ್ರೊಫೆನ್, ಆಸ್ಪಿರಿನ್‌ನಂತಹ ನೋವುನಿವಾರಕಗಳು, ಮದ್ಯ, ಜ್ವರ ಇವೂ ಅದೇ ದಿಕ್ಕಿನಲ್ಲಿ ಕೆಲಸ ಮಾಡಬಲ್ಲವು. ಆ ಭಾನುವಾರ ಇವರಲ್ಲಿ ಮೂರು ಕಾರಣಗಳು ಒಟ್ಟಾಗಿದ್ದವು: ನಿದ್ರೆಗೆಟ್ಟ ರಾತ್ರಿ, ನೋವಿನ ಮಾತ್ರೆ ಮತ್ತು ಘಾಟಿಯ ಏರು. ಆದ್ದರಿಂದ "ಮನೆಯಲ್ಲಿ ತಿಂದಾಗ ಏನೂ ಆಗಲಿಲ್ಲ" ಎಂಬುದು ಸವಾರಿಯ ತಿನಿಸಿಗೆ ಸಾಕಾಗುವ ಪ್ರಮಾಣಪತ್ರವಲ್ಲ ಎಂಬ ನೆಲೆಯಿಂದಲೇ ನಾವು ಕೆಲಸ ಆರಂಭಿಸಬೇಕಾಯಿತು.

ಭಯದ ವಾರಗಳು

ನನ್ನ ಬಳಿಗೆ ಬರುವ ಮೊದಲೇ ಅವರು ತಮಗೆ ತಾವೇ ಒಂದು ಪರಿಹಾರ ಕಂಡುಕೊಂಡಿದ್ದರು. ಸವಾರಿಯಲ್ಲಿ ಏನನ್ನೂ ತಿನ್ನದಿರುವುದು. ವೈದ್ಯರು ಸೈಕಲ್ ಹತ್ತಲು ಒಪ್ಪಿದ ಮೇಲೆ ಎರಡು ಭಾನುವಾರ ಬರೀ ನೀರು ಕುಡಿದು ಹೋಗಿ, ಎರಡನೆಯ ಬಾರಿ ಮರಳುವ ದಾರಿಯಲ್ಲಿ ಹಿರಿಯಡಕದ ಬಳಿ ಕೈಕಾಲು ನಡುಗಿ, ಕಣ್ಣು ಮಂಜಾಗಿ, ರಸ್ತೆಬದಿಯಲ್ಲಿ ಕುಳಿತುಬಿಟ್ಟರು. ಅದು ಅಲರ್ಜಿಯಾಗಿರಲಿಲ್ಲ, ಸ್ನಾಯು ಮತ್ತು ಯಕೃತ್ತಿನಲ್ಲಿ ಸಂಗ್ರಹವಾಗಿದ್ದ ಸಕ್ಕರೆ ಮುಗಿದು ಬಂದ ನಿತ್ರಾಣ. ಆದರೆ ಆ ಹತ್ತು ನಿಮಿಷ ಅವರು ಸಾವಿನ ಭಯದಲ್ಲಿಯೇ ಕಳೆದರು, ಏಕೆಂದರೆ ಎರಡೂ ಸ್ಥಿತಿಗಳ ತಲೆಸುತ್ತು ಅವರಿಗೆ ಒಂದೇ ಆಗಿ ಕಂಡಿತ್ತು. ಅಲರ್ಜಿಯುಳ್ಳವರಿಗೆ ವರ್ಜ್ಯ ಪದಾರ್ಥಗಳ ಪಟ್ಟಿಯನ್ನು ಕೊಟ್ಟು ಕಳುಹಿಸಿ, ಏನನ್ನು ತಿನ್ನಬೇಕೆಂದು ಹೇಳದಿರುವುದು ನಮ್ಮ ವೃತ್ತಿಯಲ್ಲಿ ನಡೆಯುವ ದೊಡ್ಡ ಲೋಪವೆಂದು ನಾನು ತಿಳಿದಿದ್ದೇನೆ. ಇವರ ವಿಷಯದಲ್ಲಿ ಹಾಗಾಗಬಾರದೆಂಬುದು ನನ್ನ ಮೊದಲ ನಿಶ್ಚಯವಾಗಿತ್ತು.

ಎಷ್ಟು ತಿನ್ನಬೇಕು ಎಂಬ ಲೆಕ್ಕ ಕಷ್ಟದ್ದಲ್ಲ. ಒಂದು ಗಂಟೆಗಿಂತ ದೀರ್ಘವಾದ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಸಾಕು. ಎರಡೂವರೆ ಗಂಟೆ ಮೀರಿದರೆ, ಕರುಳಿಗೆ ಅಭ್ಯಾಸವಾದವರು 90 ಗ್ರಾಂವರೆಗೂ ಹೋಗಬಹುದು. ಗ್ಲೂಕೋಸನ್ನು ಕರುಳು ಗಂಟೆಗೆ ಸುಮಾರು 60 ಗ್ರಾಂಗಿಂತ ಹೆಚ್ಚು ಒಳಗೆಳೆಯಲಾರದು, ಫ್ರಕ್ಟೋಸ್ ಬೇರೊಂದು ದಾರಿಯಿಂದ ಒಳಸೇರುತ್ತದೆ. ಆದ್ದರಿಂದ ಎರಡನ್ನೂ ಸಮನಾಗಿ ಹೊಂದಿರುವ ಸಾದಾ ಸಕ್ಕರೆ, ಬೆಲ್ಲ, ಬಾಳೆಹಣ್ಣು ಇವೇ ಈ ಕೆಲಸಕ್ಕೆ ಯೋಗ್ಯವಾದವು. ನಾವು ಗಂಟೆಗೆ 50 ಗ್ರಾಂ ಎಂಬ ಗುರಿ ಇಟ್ಟುಕೊಂಡೆವು.

ಪೊಟ್ಟಣಗಳಿಂದ ಸಿಪ್ಪೆಯ ಕಡೆಗೆ

ಮೊದಲು ಅಂಗಡಿಯ ಎನರ್ಜಿ ಬಾರ್ ಮತ್ತು ಜೆಲ್‌ಗಳನ್ನು ನೋಡಿದೆವು. ಬಾರ್‌ಗಳಲ್ಲಿ ಬಹುಪಾಲು ಗೇರುಬೀಜ, ಬಾದಾಮಿ ಅಥವಾ ಇವೆರಡರ ಹಿಟ್ಟಿನಿಂದ ಮಾಡಿದವು. ಪೊಟ್ಟಣದ ಮೇಲಿನ ಬರಹವನ್ನು ಓದುವಾಗ ಒಂದು ವಿಷಯವನ್ನು ಅವರಿಗೆ ಹಲವು ಬಾರಿ ವಿವರಿಸಬೇಕಾಯಿತು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳಂತೆ ಗ್ಲುಟೆನ್ ಇರುವ ಧಾನ್ಯ, ಸಿಗಡಿ-ಏಡಿಯ ಜಾತಿ, ಹಾಲು, ಮೊಟ್ಟೆ, ಮೀನು, ನೆಲಗಡಲೆ ಮತ್ತು ಮರದ ಬೀಜಗಳು, ಸೋಯಾ, ನಿಗದಿತ ಪ್ರಮಾಣಕ್ಕಿಂತ ಹೆಚ್ಚಿನ ಸಲ್ಫೈಟ್ ಇವು ಪದಾರ್ಥವಾಗಿ ಸೇರಿದ್ದರೆ ಕಡ್ಡಾಯವಾಗಿ ತಿಳಿಸಬೇಕು. ಆದರೆ ಕಾರ್ಖಾನೆಯಲ್ಲಿ ಆಕಸ್ಮಿಕವಾಗಿ ಬೆರೆತಿರಬಹುದಾದದ್ದನ್ನು "ಇರಬಹುದು" ಎಂದು ಬರೆಯುವುದು ತಯಾರಕರ ಇಚ್ಛೆಗೆ ಬಿಟ್ಟದ್ದು. ಹೀಗಾಗಿ ಎಚ್ಚರಿಕೆಯ ಸಾಲು ಇಲ್ಲದ ಪೊಟ್ಟಣವು ಅದಿರುವ ಪೊಟ್ಟಣಕ್ಕಿಂತ ಸುರಕ್ಷಿತವೆಂದು ತಿಳಿಯುವಂತಿಲ್ಲ. ನಾವು ಕೆಲವು ತಯಾರಕರಿಗೆ ಕರೆ ಮಾಡಿ, ಅದೇ ಯಂತ್ರದಲ್ಲಿ ಗೇರುಬೀಜವನ್ನು ಬಳಸುತ್ತೀರಾ ಎಂದು ನೇರವಾಗಿ ಕೇಳಿದೆವು. ಸ್ಪಷ್ಟ ಉತ್ತರ ಸಿಕ್ಕಿದ್ದು ಒಂದು ಜೆಲ್ಲಿನ ವಿಷಯದಲ್ಲಿ ಮಾತ್ರ. ಅದನ್ನು ತುರ್ತಿನ ಬಳಕೆಗೆ ಇಟ್ಟುಕೊಂಡೆವು.

ಮಾರುಕಟ್ಟೆಯ ಬಿಡಿ ತಿನಿಸುಗಳ ಸಮಸ್ಯೆ ಇದಕ್ಕಿಂತ ಆಳವಾದದ್ದು. ಪೋರ್ಚುಗೀಸರು 16ನೆಯ ಶತಮಾನದಲ್ಲಿ ಪಶ್ಚಿಮ ಕರಾವಳಿಗೆ ತಂದ ಗೇರುಮರ ಇಂದು ನಮ್ಮ ಗುಡ್ಡಗಳನ್ನೂ ಅಡುಗೆಮನೆಗಳನ್ನೂ ಆವರಿಸಿದೆ. ಮಂಗಳೂರಿನ ಸುತ್ತ ಬೀಜದ ಕಾರ್ಖಾನೆಗಳಿವೆ, ಪುತ್ತೂರಿನಲ್ಲಿ ಗೇರು ಸಂಶೋಧನಾ ಕೇಂದ್ರವಿದೆ, ತೊಂಡೆಕಾಯಿಯ ಪಲ್ಯದಿಂದ ಹಬ್ಬದ ಪಾಯಸದವರೆಗೆ ಬೀಜ ಬೀಳದ ಪಾತ್ರೆ ಅಪರೂಪ. ಅಂಗಡಿಯಲ್ಲಿ ಬಿಡಿ ಖರ್ಜೂರ, ಒಣದ್ರಾಕ್ಷಿ, ಬೀಜ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ, ಒಂದೇ ಸೌಟಿನಿಂದ ತೂಗಿ ಕೊಡುತ್ತಾರೆ. ನೆಲಗಡಲೆ ಇವರಿಗೆ ನಿಷಿದ್ಧವಲ್ಲ, ಆದರೂ ಅದರ ಚಿಕ್ಕಿಯನ್ನು ಬಿಡಬೇಕಾಯಿತು. ಗೇರುಬೀಜದ ಚಿಕ್ಕಿಯನ್ನೂ ಅದೇ ಹಲಗೆಯ ಮೇಲೆ ಲಟ್ಟಿಸಿ ಕತ್ತರಿಸುವುದನ್ನು ಅವರು ಸ್ವತಃ ನೋಡಿದ್ದರು. ದೇವಸ್ಥಾನದ ಪಂಚಕಜ್ಜಾಯದ ಬಗ್ಗೆ ಕೇಳುವಾಗ ಅವರ ಕಣ್ಣು ತುಂಬಿತ್ತು. ಪ್ರಸಾದವನ್ನು ಎಲೆಯ ಸಮೇತ ಕಣ್ಣಿಗೊತ್ತಿಕೊಂಡು ಪಕ್ಕದವರಿಗೆ ಕೊಡುವುದರಲ್ಲಿ ಅಪಚಾರವಿಲ್ಲವೆಂದು ಅವರ ಅತ್ತೆಯೇ ಸಮಾಧಾನ ಹೇಳಿದರು.

ಹೀಗೆ ಒಂದೊಂದನ್ನೇ ಬಿಡುತ್ತ ಹೋದಾಗ, ಪದಾರ್ಥಗಳ ಪಟ್ಟಿಯನ್ನು ನೋಡುವುದಕ್ಕಿಂತ ಬೇರೊಂದು ಪ್ರಶ್ನೆ ಕೇಳುವುದು ಹೆಚ್ಚು ಉಪಯುಕ್ತವೆಂದು ನನಗೆ ಮನದಟ್ಟಾಯಿತು: ಬೆಳೆದ ಜಾಗದಿಂದ ಬಾಯಿಗೆ ಬರುವವರೆಗೆ ಈ ತಿನಿಸು ಎಷ್ಟು ಕೈ, ಎಷ್ಟು ಪಾತ್ರೆ, ಎಷ್ಟು ಯಂತ್ರಗಳನ್ನು ಮುಟ್ಟಿದೆ? ಆ ದೃಷ್ಟಿಯಿಂದ ಮೊದಲು ನಿಂತದ್ದು ಬಾಳೆಹಣ್ಣು. ತಿನ್ನುವ ಕ್ಷಣದವರೆಗೂ ತನ್ನದೇ ಸಿಪ್ಪೆಯೊಳಗೆ ಇರುವ ಹಣ್ಣದು. ಒಂದು ಸಣ್ಣ ಕದಳಿಯಲ್ಲಿ ಸುಮಾರು 12 ಗ್ರಾಂ ಶರ್ಕರಪಿಷ್ಟವಿದ್ದು, ಅರ್ಧ ನೇಂದ್ರದಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ಆದರೆ ಐದು ಗಂಟೆ ಬರೀ ಬಾಳೆಹಣ್ಣು ತಿಂದರೆ ಹೊಟ್ಟೆ ಭಾರವಾಗುತ್ತದೆ ಎಂಬುದು ಎರಡನೆಯ ವಾರದಲ್ಲೇ ತಿಳಿಯಿತು.

ಎರಡನೆಯದನ್ನು ಸೂಚಿಸಿದವರು ಅತ್ತೆ. ಹಲಸಿನ ಎಲೆಯ ಕೊಟ್ಟೆಯಲ್ಲಿ ಅಕ್ಕಿ-ಉದ್ದಿನ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸುವ ಕಡುಬು ಅವರ ಮನೆಯಲ್ಲಿ ವಾರಕ್ಕೊಮ್ಮೆ ಇದ್ದೇ ಇರುವಂಥದ್ದು. ಮುಂಡಕದ ಎಲೆ ಸಿಕ್ಕಾಗ ಅದೇ ಹಿಟ್ಟು ಮೂಡೆಯಾಗುತ್ತದೆ. 100 ಗ್ರಾಂ ಕಡುಬಿನಲ್ಲಿ ಸುಮಾರು 20 ಗ್ರಾಂ ಶರ್ಕರಪಿಷ್ಟವಿದೆ, ಎಣ್ಣೆ ಇಲ್ಲ, ನಾರು ಕಡಿಮೆ, ಉಪ್ಪು ಇದೆ. ಏರು ಹತ್ತುವಾಗ ಹೊಟ್ಟೆ ಒಪ್ಪುವ ಗುಣಗಳೆಲ್ಲ ಅದರಲ್ಲಿವೆ. ಎಲೆಯೇ ಹೊದಿಕೆಯಾದ್ದರಿಂದ ಕಿಸೆಯೊಳಗೆ ಬೇರೆ ಏನೂ ಅದಕ್ಕೆ ತಾಗುವುದಿಲ್ಲ. ಕಾಯಿಚಟ್ನಿ ಸೆಕೆಗೆ ಬೇಗ ಹಳಸುವುದರಿಂದ ಅದನ್ನು ಬಿಟ್ಟು, ಹಿಟ್ಟಿಗೇ ಒಂದಿಷ್ಟು ಬೆಲ್ಲ ಸೇರಿಸಿದೆವು. ಬೆಳಗಿನ ಜಾವ ಬೇಯಿಸಿದ್ದನ್ನು ಮಧ್ಯಾಹ್ನದೊಳಗೆ ಮುಗಿಸಬೇಕೆಂಬ ನಿಯಮ ಇಟ್ಟೆವು. ತೆಂಗಿನಕಾಯಿ ಗೇರಿನ ಸಂಬಂಧಿಯಲ್ಲವೆಂದೂ, ಅದನ್ನು ಎಂದಿನಂತೆ ಬಳಸಬಹುದೆಂದೂ ವೈದ್ಯರು ಹೇಳಿದ್ದು ಮನೆಯ ಅಡುಗೆಗೆ ದೊಡ್ಡ ನಿರಾಳ ತಂದಿತು. ಮಾವು ಗೇರಿನದೇ ಕುಟುಂಬದ ಮರವಾದರೂ ಹಣ್ಣಿನ ತಿರುಳು ಇವರಿಗೆ ಎಂದೂ ತೊಂದರೆ ಕೊಟ್ಟಿರಲಿಲ್ಲ, ಆದ್ದರಿಂದ ಅದನ್ನೂ ತಡೆಯಲಿಲ್ಲ.

ಅಡುಗೆಮನೆಯಲ್ಲಿಯೂ ಬದಲಾವಣೆಗಳು ಬೇಕಾದವು. ಕೆಂಪು ಟೇಪು ಸುತ್ತಿದ ಹೊಸ ಮಿಕ್ಸಿ ಜಾರೊಂದನ್ನು ಇವರ ಆಹಾರಕ್ಕೆಂದೇ ಮೀಸಲಿಟ್ಟರು. ಬಿಡಿ ಬೆಲ್ಲದ ಬದಲು ಹೊದಿಕೆಯಿರುವ ಇಡೀ ಅಚ್ಚನ್ನು ತಂದು ಮನೆಯಲ್ಲೇ ಒಡೆಯತೊಡಗಿದರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮನೆಗೆ ಗೇರುಬೀಜ ತರುವುದನ್ನೇ ನಿಲ್ಲಿಸಿದವರು ಅತ್ತೆ. "ಪಾಯಸಕ್ಕೆ ಬೀಜ ಹಾಕಲೇಬೇಕೆಂದು ಯಾವ ಶಾಸ್ತ್ರದಲ್ಲೂ ಇಲ್ಲ ಮಗಳೇ" ಎಂದು ಅವರು ನನ್ನೆದುರಿಗೇ ಹೇಳಿದ್ದರು.

ಪಾನೀಯಕ್ಕಾಗಿ ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ ಅಥವಾ ಸಕ್ಕರೆ, ಕಾಲು ಚಮಚ ಉಪ್ಪು, ಹುಳಿಗೆ ಮನೆಯಲ್ಲೇ ಒಣಗಿಸಿದ ಪುನರ್ಪುಳಿಯ ಸಿಪ್ಪೆ. ಕಾಲು ಚಮಚ, ಅಂದರೆ ಸುಮಾರು ಒಂದೂವರೆ ಗ್ರಾಂ ಉಪ್ಪಿನಲ್ಲಿ 590 ಮಿಲಿಗ್ರಾಂನಷ್ಟು ಸೋಡಿಯಂ ಇರುತ್ತದೆ. ಕರಾವಳಿಯ ಸೆಕೆಯಲ್ಲಿ ಸುರಿಯುವ ಬೆವರಿಗೆ ಇದು ಅಗತ್ಯ. ಮೊದಲು ಅವರು ಒಆರ್‌ಎಸ್ ಪುಡಿಯನ್ನೇ ಸಾಕೆಂದುಕೊಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಮಾತ್ರ ಇರುವುದರಿಂದ ಅದು ಭೇದಿಯಿಂದ ಬಳಲಿದವರಿಗೆ ಔಷಧಿಯೇ ಹೊರತು ಸವಾರಿಗೆ ಇಂಧನವಲ್ಲ. ಗಂಟೆಗೆ ಅರ್ಧ ಲೀಟರ್ ಪಾನೀಯದಿಂದ 30 ಗ್ರಾಂ, ಒಂದು ಕದಳಿಯಿಂದ 12, ಅರ್ಧ ಕಡುಬಿನಿಂದ 10; ನಮ್ಮ ಗುರಿ ತಲುಪಿತು. ಅತಿಥಿಗಳಿಗೆ ಬೆಲ್ಲ-ನೀರು ಕೊಡುವ ಊರಿನವರಾದ ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ. ಬಿಸಿಲಲ್ಲಿ ನಡೆದು ಬಂದವರಿಗೆ ಏನು ಬೇಕೆಂಬುದು ಹಿರಿಯರಿಗೆ ತಿಳಿದಿತ್ತು.

ಜೊತೆಗಾರರು ಮತ್ತು ಚುಚ್ಚುಮದ್ದು

ತಾನಾಗಿ ಚುಚ್ಚುವ ಅಡ್ರಿನಲಿನ್ ಪೆನ್ನು ಇವರಿಗೆ ದೊರೆಯಲಿಲ್ಲ. ವೈದ್ಯರು ಒಂದು ಮಿಲಿಗ್ರಾಂನ ಆಂಪೂಲ್ ಮತ್ತು ಸಿರಿಂಜುಗಳನ್ನು ಬರೆದುಕೊಟ್ಟು, ತೊಡೆಯ ನಡುಭಾಗದ ಹೊರಮಗ್ಗುಲಿನ ಸ್ನಾಯುವಿಗೆ ಅರ್ಧ ಮಿಲಿಗ್ರಾಂ ಚುಚ್ಚುವುದನ್ನು ಇವರಿಗೂ ಪತಿಗೂ ತಂಡದ ಇಬ್ಬರಿಗೂ ಕಲಿಸಿದರು. ಚೇತರಿಕೆ ಕಾಣದಿದ್ದರೆ ಐದರಿಂದ ಹದಿನೈದು ನಿಮಿಷಗಳಲ್ಲಿ ಮತ್ತೊಮ್ಮೆ ಕೊಡಬೇಕಾಗುವುದರಿಂದ ಆಂಪೂಲುಗಳು ಎರಡಿವೆ. ಈ ಪ್ರಮಾಣ ಇವರಿಗಾಗಿ ಅವರ ವೈದ್ಯರು ನಿಗದಿ ಮಾಡಿದ್ದು. ಬೆಳಕು ಮತ್ತು 25 ಡಿಗ್ರಿ ಮೀರಿದ ಉಷ್ಣ ಅಡ್ರಿನಲಿನ್‌ಗೆ ಒಳ್ಳೆಯದಲ್ಲವಾದ್ದರಿಂದ ಶಾಖ ತಡೆಯುವ ಸಣ್ಣ ಚೀಲದಲ್ಲಿಟ್ಟು, ಸೈಕಲ್ಲಿಗೆ ಕಟ್ಟದೆ ಮೈಮೇಲೆಯೇ ಒಯ್ಯುತ್ತಾರೆ. ಸವಾರಿಯ ದಿನ ಐಬುಪ್ರೊಫೆನ್ ಇಲ್ಲ. ಆರು ಗಂಟೆ ನಿದ್ರೆಯಾಗದಿದ್ದರೆ ಘಾಟಿ ಇಲ್ಲ.

ತಂಡದವರು ಬೀಜವಿರುವ ತಿನಿಸನ್ನು ತಾವಾಗಿಯೇ ಕೈಬಿಟ್ಟರು. ಸ್ಯಾನಿಟೈಸರ್ ಕೈಗಂಟಿದ ಪ್ರೋಟೀನನ್ನು ತೊಲಗಿಸದು, ಸೋಪು-ನೀರೇ ಬೇಕು ಎಂಬುದನ್ನು ತಿಳಿದ ಮೇಲೆ ಒಬ್ಬರು ಸೋಪಿನ ಚೂರೊಂದನ್ನು ಡಬ್ಬಿಯಲ್ಲಿಟ್ಟುಕೊಂಡು ಬರತೊಡಗಿದರು. ಬಾಟಲಿಯ ಹಂಚಿಕೆಯೂ ನಿಂತಿತು.

ಮತ್ತೆ ಆಗುಂಬೆ

ಹತ್ತು ವಾರ ನಾವು ಹಂತಹಂತವಾಗಿ ನಡೆದೆವು. ಪ್ರತಿ ತಿನಿಸನ್ನು ಮೊದಲು ಮನೆಯಲ್ಲಿ, ಆಮೇಲೆ ಮಲ್ಪೆ-ಮಣಿಪಾಲದ ನಡುವಿನ ಸಣ್ಣ ಸವಾರಿಯಲ್ಲಿ, ಬಳಿಕ ಹೆಬ್ರಿಯವರೆಗೆ ಹೋಗಿ ಪರೀಕ್ಷಿಸಿದೆವು. ಒಂದು ವಾರಕ್ಕೆ ಒಂದೇ ಹೊಸ ತಿನಿಸು. ಪ್ರತಿ ಬಾರಿ ತಿಂದ ಸಮಯ, ಪ್ರಮಾಣ, ಜೊತೆಗೆ ತುಟಿ, ಅಂಗೈ, ಹೊಟ್ಟೆ ಹೇಗಿವೆ ಎಂಬುದನ್ನು ಅವರು ಸಣ್ಣ ಪುಸ್ತಕದಲ್ಲಿ ಬರೆದರು. ಮೊದಲ ಪುಟಗಳಲ್ಲಿ ಐದೈದು ನಿಮಿಷಕ್ಕೊಂದು ಸಾಲು ಇದೆ. ಫೆಬ್ರವರಿಯ ಪುಟಗಳಲ್ಲಿ ಗಂಟೆಗೊಂದು.

ಮಾರ್ಚ್ ಮೊದಲ ಭಾನುವಾರ ಬೆಳಗಿನ ಜಾವ ಐದಕ್ಕೆ ತಂಡ ಹೊರಟಿತು. ಪತಿ ಕಾರಿನಲ್ಲಿ ಹಿಂದೆ ಬಂದರು. ಹೆಬ್ರಿಯಲ್ಲಿ ಒಂದು ಕದಳಿ, ಸೋಮೇಶ್ವರದಲ್ಲಿ ಅರ್ಧ ಕಡುಬು. ಮೂರನೆಯ ತಿರುವಿನಲ್ಲಿ ಅವರು ಸೈಕಲ್ ನಿಲ್ಲಿಸಿ, ಕೈಗವಸು ಕಳಚಿ ಅಂಗೈ ನೋಡಿಕೊಂಡರೆಂದು ಜೊತೆಗಿದ್ದವರು ನನಗೆ ತಿಳಿಸಿದರು. ಮೇಲೆ ತಲುಪಿದ ಮೇಲೆ ಬರೆದ ಸಾಲನ್ನು ಅವರು ಮುಂದಿನ ಭೇಟಿಯಲ್ಲಿ ತೋರಿಸಿದರು: "ಆಗುಂಬೆ. ತುಟಿ ಸರಿ, ಕೈ ಸರಿ, ಹೊಟ್ಟೆ ಸರಿ. ತುಂಬ ಹಸಿವಾಗಿದೆ, ಉಳಿದ ಎರಡೂ ಕಡುಬು ತಿಂದೆ."